ಡ್ಯಾಕ್ಸ್‌ಹುಂಡ್ ನಾಯಿಯ ಮೈಬಣ್ಣಗಳೂ ಅವುಗಳ ಅನುವಂಶಿಕ ಆಧಾರವೂ

ಪ್ರಾಣಿಯೊಂದನ್ನು ಕಂಡೊಡನೆ ನಮ್ಮ ಗಮನವನ್ನು ಸೆಳೆಯುವ ಲಕ್ಷಣಗಳಲ್ಲಿ ಬಣ್ಣವೇ ಮೊದಲನೆಯದು. ನಮ್ಮ ಹಳ್ಳಿಗಳಲ್ಲಿ ನಾಯಿಗೆ ಹೆಸರಿಡುವವರು ಅದರ ಮೈಬಣ್ಣವನ್ನು ನೋಡಿ ಕರಿಯ, ಕೆಂಚ, ಬಿಳಿಯ ಎಂದು ಕರೆಯುವುದು ವಾಡಿಕೆ. ಆದರೆ ಬಣ್ಣದ ಹೆಸರು ಕಣ್ಣಿಗೆ ಕಂಡುದನ್ನಷ್ಟೇ ಹೇಳುತ್ತದೆ. ಆ ಬಣ್ಣ ಹೇಗೆ ಉಂಟಾಯಿತೆಂಬುದನ್ನಾಗಲಿ, ಮುಂದಿನ ಪೀಳಿಗೆಗೆ ಅದು ಹೇಗೆ ಸಾಗುವುದೆಂಬುದನ್ನಾಗಲಿ ಹೇಳುವುದಿಲ್ಲ. ಒಂದೇ ಬಗೆಯಾಗಿ ಕಾಣುವ ಬಣ್ಣವು ಎರಡು ಬೇರೆ ಕಾರಣಗಳಿಂದ ಬಂದಿರಬಹುದು. ಒಂದೇ ಕಾರಣವು ಒಂದು ನಾಯಿಯಲ್ಲಿ ಎದ್ದು ಕಂಡು, ಇನ್ನೊಂದರಲ್ಲಿ ಕಾಣದೆಯೇ ಅಡಗಿರಬಹುದು. ಈ ವ್ಯತ್ಯಾಸವು ಶಾಸ್ತ್ರಜ್ಞರ ಕುತೂಹಲಕ್ಕೆ ಮಾತ್ರ ಸೇರಿದ್ದಲ್ಲ. ಅದನ್ನು ಅರಿಯದೆ ನಾಯಿಗಳನ್ನು ಕೂಡಿಸಿದುದರಿಂದ ಕುರುಡಾಗಿಯೂ ಕಿವುಡಾಗಿಯೂ ಹುಟ್ಟಿದ ಮರಿಗಳುಂಟು. ಡ್ಯಾಕ್ಸ್‌ಹುಂಡ್ ಎಂಬ ಚಿಕ್ಕ ತಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

1. ತಳಿಯ ಪರಿಚಯ

ಡ್ಯಾಕ್ಸ್‌ಹುಂಡ್ ಜರ್ಮನ್ ದೇಶದ ನಾಯಿ. ಆ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ. 'ಹುಂಡ್' ಎಂದರೆ ನಾಯಿ. ಬಿಲದೊಳಗೆ ನುಗ್ಗಿ ಬ್ಯಾಜರನ್ನು ಎದುರಿಸುವುದಕ್ಕಾಗಿಯೇ ಇದನ್ನು ಬೆಳೆಸಿದರು. ಉದ್ದವಾದ ಮೈ, ಗಿಡ್ಡವಾದ ಕಾಲು, ಮುಂದಕ್ಕೆ ಚಾಚಿದ ಮೂತಿ, ಇಳಿಬಿದ್ದ ಕಿವಿ, ಆಳವಾದ ಎದೆ ಇವು ಇದರ ಲಕ್ಷಣಗಳು. ಇಂಗ್ಲೆಂಡಿನಲ್ಲಿ ಈ ತಳಿಯ ಸಂಘವು 1881ರಲ್ಲಿಯೂ ಜರ್ಮನಿಯಲ್ಲಿ 1888ರಲ್ಲಿಯೂ ಸ್ಥಾಪಿತವಾದುವು. ಅಮೆರಿಕದ ಕೆನಲ್ ಕ್ಲಬ್ಬಿನ ಮಾನದಂಡದಂತೆ ಸಾಮಾನ್ಯ ಗಾತ್ರದ ನಾಯಿಯ ತೂಕ 16ರಿಂದ 32 ಪೌಂಡು, ಕಿರುಗಾತ್ರದ್ದು 11 ಪೌಂಡು ಅಥವಾ ಅದಕ್ಕಿಂತ ಕಡಮೆ. ಬೆಂಗಳೂರು, ಮೈಸೂರು ಮೊದಲಾದ ನಮ್ಮ ನಗರಗಳ ಮನೆಗಳಲ್ಲಿಯೂ ಈ ನಾಯಿ ಪರಿಚಿತವಾದುದೇ ಆಗಿದೆ.

ಕೂದಲಿನ ರಚನೆಯನ್ನು ಅನುಸರಿಸಿ ಇದರಲ್ಲಿ ನಯಗೂದಲಿನದು, ಉದ್ದಗೂದಲಿನದು, ಒರಟುಗೂದಲಿನದು ಎಂದು ಮೂರು ಬಗೆಗಳಿವೆ. ಬಣ್ಣಗಳಲ್ಲಿ ಕೆಂಪು, ಕಪ್ಪು-ಕಂದು, ಚಾಕೊಲೇಟ್-ಕಂದು, ನೀಲಿ-ಕಂದು, ಕೆನೆಬಣ್ಣ, ಕಾಡುಹಂದಿಯ ಬಣ್ಣ ಎಂಬುವೂ, ವಿನ್ಯಾಸಗಳಲ್ಲಿ ಹುಲಿಪಟ್ಟೆಯ 'ಬ್ರಿಂಡಲ್', ಬಿಳಿಯ ಮೇಲೆ ಬಣ್ಣದ ತೇಪೆಗಳಿರುವ 'ಪೈಬಾಲ್ಡ್', ಗಾಢವಾದ ಮೈಮೇಲೆ ಮಾಸಲು ಮಚ್ಚೆಗಳು ಚೆದರಿರುವ 'ಡ್ಯಾಪಲ್' ಎಂಬುವೂ ಮುಖ್ಯವಾದುವು. ಇತರ ತಳಿಗಳಲ್ಲಿ ಡ್ಯಾಪಲ್ ವಿನ್ಯಾಸಕ್ಕೆ 'ಮರ್ಲ್' ಎಂದು ಹೆಸರು. ಇಷ್ಟೊಂದು ವೈವಿಧ್ಯವು ಒಂದೇ ತಳಿಯಲ್ಲಿ ಕಾಣುವುದರಿಂದ ಬಣ್ಣದ ಅನುವಂಶಿಕತೆಯನ್ನು ಅಭ್ಯಾಸಮಾಡುವವರಿಗೆ ಇದು ಬಲು ಅನುಕೂಲವಾದ ಪ್ರಾಣಿ.

2. ಎರಡೇ ವರ್ಣದ್ರವ್ಯಗಳು

ಇಷ್ಟು ಬಣ್ಣಗಳಿದ್ದರೂ ಅವುಗಳಿಗೆ ಮೂಲವಾದ ವರ್ಣದ್ರವ್ಯಗಳು ಎರಡೇ. ಒಂದು, ಕಪ್ಪು ಅಥವಾ ಕಂದುಬಣ್ಣವನ್ನು ಕೊಡುವ ಯೂಮೆಲನಿನ್. ಮತ್ತೊಂದು, ಹಳದಿ ಅಥವಾ ಕೆಂಪನ್ನು ಕೊಡುವ ಫಿಯೋಮೆಲನಿನ್. ಬಿಳುಪು ಎಂಬುದು ಬೇರೊಂದು ವರ್ಣದ್ರವ್ಯವಲ್ಲ. ವರ್ಣದ್ರವ್ಯದ ಅಭಾವವೇ ಬಿಳುಪು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿವೇಚನೆಯೆಲ್ಲ ಇದನ್ನೇ ಅವಲಂಬಿಸಿದೆ.

ವರ್ಣದ್ರವ್ಯವನ್ನು ತಯಾರಿಸುವ ವರ್ಣಕೋಶಗಳು ಚರ್ಮದಲ್ಲಿಯೇ ಹುಟ್ಟುವುವಲ್ಲ. ಭ್ರೂಣದ ಬೆನ್ನುದ್ದಕ್ಕೂ ನರನಾಳದ ಅಂಚಿನಲ್ಲಿ ಅವುಗಳ ಪೂರ್ವಕೋಶಗಳು ಉತ್ಪತ್ತಿಯಾಗಿ, ಅಲ್ಲಿಂದ ಎರಡು ಪಕ್ಕಗಳಿಗೂ ಇಳಿದು ದೇಹವನ್ನೆಲ್ಲ ವ್ಯಾಪಿಸುತ್ತವೆ. ಎದೆ, ಪಾದ, ಬಾಲದ ತುದಿ ಇವು ಈ ಪಯಣದ ಕೊನೆಯ ನಿಲ್ದಾಣಗಳು. ಅನೇಕ ನಾಯಿಗಳಲ್ಲಿ ಬಿಳಿಯ ಗುರುತು ಈ ಭಾಗಗಳಲ್ಲಿಯೇ ಮೊದಲು ತೋರುವುದು ಇದೇ ಕಾರಣದಿಂದ.

3. ಮೂಲಬಣ್ಣಗಳು

ಒಂದು ಕೂದಲಿನಲ್ಲಿ ಯಾವ ವರ್ಣದ್ರವ್ಯವು ತುಂಬಬೇಕೆಂಬುದನ್ನು ನಿರ್ಧರಿಸುವ ಜೀನುಗಳಲ್ಲಿ ಅಗೂಟಿ ಎಂಬುದು ಮುಖ್ಯವಾದುದು. ಇದರಿಂದ ಹುಟ್ಟುವ ಪ್ರೋಟೀನು ವರ್ಣಕೋಶಕ್ಕೆ 'ಕಪ್ಪನ್ನು ನಿಲ್ಲಿಸಿ ಕೆಂಪನ್ನು ತಯಾರಿಸು' ಎಂಬ ಸೂಚನೆಯನ್ನು ಕೊಡುತ್ತದೆ. ಈ ಜೀನಿನ ಒಂದು ರೂಪದಿಂದ ಮೈಯೆಲ್ಲ ಕೆಂಪಾಗುವುದು. ಇನ್ನೊಂದು ರೂಪದಿಂದ ಕಣ್ಣಿನ ಮೇಲೆ, ಮೂತಿಯ ಪಕ್ಕದಲ್ಲಿ, ಎದೆಯಲ್ಲಿ, ಪಾದಗಳಲ್ಲಿ, ಬಾಲದ ಕೆಳಗೆ ಮಾತ್ರ ಕಂದುಗೆಂಪು ಉಳಿದು ಮಿಕ್ಕ ಮೈ ಕಪ್ಪಾಗುವುದು, ಇದೇ ಕಪ್ಪು-ಕಂದು. ಮತ್ತೊಂದು ರೂಪದಲ್ಲಿ ಒಂದೊಂದು ಕೂದಲೂ ಕಪ್ಪು, ಹಳದಿ ಉಂಗುರಗಳಿಂದ ಕೂಡಿರುತ್ತದೆ. ಒರಟುಗೂದಲಿನ ಡ್ಯಾಕ್ಸ್‌ಹುಂಡಿನಲ್ಲಿ ಇದನ್ನು ಕಾಡುಹಂದಿಯ ಬಣ್ಣವೆನ್ನುತ್ತಾರೆ. ತೋಳದ ಮೈಬಣ್ಣವೂ ಇದೇ ಜಾತಿಯದು.

ಕೆಂಪು ರೂಪವು ಕಪ್ಪು-ಕಂದು ರೂಪಕ್ಕಿಂತ ಪ್ರಬಲವಾದುದು. ಆದುದರಿಂದ ಎರಡು ಕೆಂಪು ನಾಯಿಗಳಿಗೆ ಕಪ್ಪು-ಕಂದಿನ ಮರಿ ಹುಟ್ಟಬಹುದು. ಎರಡರಲ್ಲಿಯೂ ಕಪ್ಪು-ಕಂದಿನ ಜೀನು ಒಂದೊಂದು ಪ್ರತಿಯಷ್ಟು ಅಡಗಿದ್ದರೆ ಸರಾಸರಿ ನಾಲ್ಕಕ್ಕೊಂದು ಮರಿ ಹಾಗಿರುವುದು. ಮೆಂಡೆಲನ ನಿಯಮವು ಇಲ್ಲಿ ಬಟಾಣಿ ಗಿಡದಲ್ಲಿದ್ದಂತೆಯೇ ನಡೆಯುತ್ತದೆ.

ನಾಯಿಗಳ ಬಣ್ಣದ ಅನುವಂಶಿಕತೆಯನ್ನು ಕುರಿತು ಅಮೆರಿಕದ ಕ್ಲಾರೆನ್ಸ್ ಕುಕ್ ಲಿಟ್ಲ್ ಅವರು 1957ರಲ್ಲಿ ಪ್ರಕಟಿಸಿದ ಗ್ರಂಥವು ಬಹುಕಾಲ ಈ ವಿಷಯದ ಆಧಾರಗ್ರಂಥವಾಗಿದ್ದಿತು. ಜೀನನ್ನು ಪ್ರತ್ಯಕ್ಷವಾಗಿ ಓದುವ ಸಾಧನವಿಲ್ಲದ ಆ ದಿನಗಳಲ್ಲಿ, ತಂದೆತಾಯಿಗಳ ಮತ್ತು ಮರಿಗಳ ಬಣ್ಣಗಳನ್ನು ಹೋಲಿಸಿ ನೋಡಿಯೇ ಅವರು ಜೀನುಗಳ ಪಟ್ಟಿಯನ್ನು ರಚಿಸಿದರು. ಅದರ ಬಹುಭಾಗ ಇಂದಿಗೂ ನಿಂತಿದೆ. ಕೆಲವೆಡೆ ತಿದ್ದುಪಡಿ ಬೇಕಾಯಿತು. ಅನೇಕ ತಳಿಗಳಲ್ಲಿ ಕಾಣುವ ಪ್ರಬಲವಾದ ಅಪ್ಪಟ ಕಪ್ಪನ್ನು ಲಿಟ್ಲ್ ಅವರು ಅಗೂಟಿ ಶ್ರೇಣಿಗೇ ಸೇರಿಸಿದ್ದರು. ಅದು ಬೀಟಾ-ಡಿಫೆನ್ಸಿನ್ ವರ್ಗದ ಬೇರೊಂದು ಜೀನಿನಿಂದ ಬರುವುದೆಂದು 2007ರಲ್ಲಿ ಸ್ಥಿರಪಟ್ಟಿತು.

ಬ್ರಿಂಡಲ್ ವಿನ್ಯಾಸವು ಇದೇ ಎರಡನೆಯ ಜೀನಿಗೆ ಸೇರಿದುದು. ಇದರ ಕೆಲಸವು ಕೆಂಪಾಗಬೇಕಾದ ಜಾಗದಲ್ಲಿ ಕಪ್ಪು ಗೆರೆಗಳನ್ನು ಎಳೆಯುವುದು. ಹೀಗಾಗಿ ಕೆಂಪು ನಾಯಿಯಲ್ಲಿ ಮೈತುಂಬ ಪಟ್ಟೆಗಳು ಕಂಡರೆ, ಕಪ್ಪು-ಕಂದಿನ ನಾಯಿಯಲ್ಲಿ ಕೆನ್ನೆ, ಪಾದ ಮೊದಲಾದ ಕಂದು ಜಾಗಗಳಲ್ಲಿ ಮಾತ್ರ ಕಾಣುತ್ತವೆ. ಜೀನು ಒಂದೇ; ಅದು ಬರೆಯುವ ಹಲಗೆ ಬೇರೆ. ಒಂದು ಜೀನು ಏನನ್ನು ತೋರಿಸಬಲ್ಲುದೆಂಬುದು ಉಳಿದ ಜೀನುಗಳ ಮೇಲೂ ನಿಂತಿದೆ ಎಂಬ ಮುಖ್ಯ ತತ್ತ್ವವನ್ನು ಈ ಸಣ್ಣ ಉದಾಹರಣೆ ತಿಳಿಸುತ್ತದೆ.

ಇನ್ನುಳಿದ ಎರಡು ಜೀನುಗಳು ಕಪ್ಪಿನ ಛಾಯೆಯನ್ನು ಬದಲಿಸುವಂಥವು. ಒಂದರ ಅಪ್ರಬಲ ರೂಪವು ಎರಡು ಪ್ರತಿಯಲ್ಲಿ ಕೂಡಿದಾಗ ಕಪ್ಪು ಚಾಕೊಲೇಟಾಗುತ್ತದೆ. ಕೂದಲೊಂದೇ ಅಲ್ಲದೆ ಮೂಗು, ರೆಪ್ಪೆಯಂಚುಗಳೂ ಕಂದಾಗುತ್ತವೆ. ಇನ್ನೊಂದು ಜೀನು ವರ್ಣದ್ರವ್ಯದ ಕಣಗಳನ್ನು ಕೋಶದಲ್ಲಿ ಸಾಗಿಸುವ ವ್ಯವಸ್ಥೆಗೆ ಸೇರಿದುದು. ಅದು ಕೆಟ್ಟಾಗ ಕಣಗಳು ಸಮನಾಗಿ ಹರಡದೆ ಗುಂಪುಗುಂಪಾಗಿ ನಿಂತು, ಕಪ್ಪು ಬೂದಿಯಾಗುತ್ತದೆ. ಸಾಕಣೆಗಾರರು 'ನೀಲಿ' ಎನ್ನುವುದು ಇದನ್ನೇ. ಇಂಥ ನಾಯಿಗಳಲ್ಲಿ ಕೆಲವಕ್ಕೆ ವಯಸ್ಸಿನೊಡನೆ ಕೂದಲುದುರಿ ಚರ್ಮವು ಬೋಳಾಗುವ ರೋಗವುಂಟು. ಬಣ್ಣವು ಮೈಯ ಹೊರಗಿನ ಅಲಂಕಾರವಷ್ಟೇ ಅಲ್ಲವೆಂಬುದಕ್ಕೆ ಇದು ಮೊದಲ ಸೂಚನೆ.

4. ಡ್ಯಾಪಲ್ ವಿನ್ಯಾಸ

ಡ್ಯಾಪಲ್ ನಾಯಿಯ ಮೈಮೇಲೆ ಗಾಢಬಣ್ಣದ ನಡುನಡುವೆ ಅಂಕುಡೊಂಕಾದ ತಿಳಿಬೂದಿಯ ಮಚ್ಚೆಗಳು ಹರಡಿರುತ್ತವೆ. ಎರಡು ನಾಯಿಗಳ ಮಚ್ಚೆ ಒಂದೇ ರೀತಿ ಇರುವುದಿಲ್ಲ. ಕೆಲವಕ್ಕೆ ಒಂದು ಕಣ್ಣೋ ಎರಡು ಕಣ್ಣುಗಳೋ ತಿಳಿನೀಲಿಯಾಗಿರುವುದೂ ಉಂಟು. ನೋಡುವವರ ಕಣ್ಣಿಗೆ ಇದು ಸೊಗಸು. ಆದ್ದರಿಂದಲೇ ಇದಕ್ಕೆ ಬೇಡಿಕೆಯೂ ಹೆಚ್ಚು.

ಇದರ ಕಾರಣವನ್ನು ಅಮೆರಿಕದ ಟೆಕ್ಸಾಸಿನಲ್ಲಿ ಕ್ಲಾರ್ಕ್, ಮರ್ಫಿ ಮತ್ತು ಸಂಗಡಿಗರು 2006ರಲ್ಲಿ ಬೆಳಕಿಗೆ ತಂದರು. ಪಿಮೆಲ್ ಎಂಬ ಜೀನಿನೊಳಕ್ಕೆ ಪರಕೀಯವಾದ ಚಿಕ್ಕ ಡಿಎನ್‌ಎ ತುಣುಕೊಂದು ಬಂದು ಸೇರಿಕೊಂಡಿರುವುದೇ ಆ ಕಾರಣ. ಈ ಜೀನಿನ ಪ್ರೋಟೀನು ವರ್ಣಕೋಶದೊಳಗೆ ಸಣ್ಣ ಎಳೆಗಳ ಹಂದರವನ್ನು ಕಟ್ಟುತ್ತದೆ. ಯೂಮೆಲನಿನ್ ಆ ಹಂದರದ ಮೇಲೆ ನೆಲೆಗೊಳ್ಳುತ್ತದೆ. ಹಂದರ ಕೆಟ್ಟರೆ ಕಪ್ಪು ಮಾಸುತ್ತದೆ. ಫಿಯೋಮೆಲನಿನ್ನಿಗೆ ಈ ಹಂದರದ ಅಗತ್ಯವಿಲ್ಲವಾದ್ದರಿಂದ ಕೆಂಪು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಸೇರಿಕೊಂಡ ತುಣುಕಿನ ಬಾಲದಂತಿರುವ ಭಾಗವು ಎಲ್ಲ ನಾಯಿಗಳಲ್ಲಿಯೂ ಒಂದೇ ಉದ್ದವಿರುವುದಿಲ್ಲ. ಬಾಲವು ಮೊಟಕಾದಂತೆಲ್ಲ ಮಚ್ಚೆಗಳು ಕಡಮೆಯಾಗಿ, ಕೊನೆಗೆ ಕಣ್ಣಿಗೆ ಕಾಣದಂತೆಯೂ ಆಗಬಹುದು.

ಈ ಜೀನಿನ ಒಂದು ಪ್ರತಿಯಿದ್ದರೆ ಡ್ಯಾಪಲ್. ತಂದೆಯಿಂದೊಂದು ತಾಯಿಯಿಂದೊಂದು ಹೀಗೆ ಎರಡು ಪ್ರತಿಗಳು ಕೂಡಿದರೆ 'ಇಮ್ಮಡಿ ಡ್ಯಾಪಲ್' ಉಂಟಾಗುತ್ತದೆ. ಆಗ ಮಾಸಲು ಮಚ್ಚೆಗಳ ಜೊತೆಗೆ ವಿಶಾಲವಾದ ಬಿಳಿಯ ಭಾಗಗಳೂ ಕಾಣಿಸಿಕೊಳ್ಳುತ್ತವೆ. ಕೇಡು ತಲೆದೋರುವುದು ಇಲ್ಲಿಯೇ.

5. ಬಣ್ಣಕ್ಕೂ ಕಿವಿಗಣ್ಣುಗಳಿಗೂ ಇರುವ ಸಂಬಂಧ

ಕೂದಲಿನ ಬಣ್ಣಕ್ಕೂ ಕಿವಿಗೂ ಏನು ಸಂಬಂಧವೆಂದು ವಿದ್ಯಾರ್ಥಿಯು ಕೇಳಬಹುದು. ಪ್ರಶ್ನೆ ಸಹಜವಾದುದೇ. ಮೇಲೆ ಹೇಳಿದ ವರ್ಣಕೋಶಗಳು ಚರ್ಮಕ್ಕೆ ಮಾತ್ರ ಹೋಗುವುದಿಲ್ಲ. ಅವುಗಳಲ್ಲಿ ಕೆಲವು ಒಳಗಿವಿಯನ್ನೂ ಸೇರುತ್ತವೆ. ಅಲ್ಲಿ ಕಾಕ್ಲಿಯ ಎಂಬ ಶಂಖಾಕೃತಿಯ ನಾಳದ ಗೋಡೆಯಲ್ಲಿ ರಕ್ತನಾಳಗಳಿಂದ ತುಂಬಿದ ಒಂದು ಪಟ್ಟಿಯಿದೆ. ನಾಳದೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಅಂಶವನ್ನು ಅಧಿಕವಾಗಿಟ್ಟು, ಶಬ್ದವನ್ನು ಗ್ರಹಿಸುವ ಕೋಶಗಳು ಕೆಲಸಮಾಡಲು ಬೇಕಾದ ವಿದ್ಯುತ್ ಸ್ಥಿತಿಯನ್ನು ಕಾಪಾಡುವುದು ಈ ಪಟ್ಟಿಯ ಕಾರ್ಯ. ಆ ಕಾರ್ಯದಲ್ಲಿ ವರ್ಣಕೋಶಗಳು ಅನಿವಾರ್ಯವಾದ ಪಾತ್ರವನ್ನು ವಹಿಸುತ್ತವೆ. ಅವಿಲ್ಲವಾದರೆ ಮರಿ ಹುಟ್ಟಿದ ಕೆಲವೇ ವಾರಗಳೊಳಗೆ ಪಟ್ಟಿಯು ಕ್ಷೀಣಿಸುತ್ತದೆ. ಶಬ್ದಗ್ರಾಹಕ ಕೋಶಗಳು ಸಾಯುತ್ತವೆ. ಸತ್ತ ಕೋಶಗಳು ಮರಳಿ ಹುಟ್ಟುವುದಿಲ್ಲವಾದ್ದರಿಂದ ಈ ಕಿವುಡಿಗೆ ಚಿಕಿತ್ಸೆಯಿಲ್ಲ.

ಮನುಷ್ಯರಲ್ಲಿಯೂ ಇದಕ್ಕೆ ಸಮಾನವಾದ ಸ್ಥಿತಿಯುಂಟು. ಹಣೆಯ ಮೇಲೊಂದು ಬಿಳಿಗೂದಲಿನ ಗೊಂಚಲು, ಬಣ್ಣ ಬೇರೆಯಾದ ಕಣ್ಣುಗಳು, ಹುಟ್ಟುಗಿವುಡು ಇವು ಒಟ್ಟೊಟ್ಟಿಗೆ ಕಾಣುವ ವಂಶಗಳನ್ನು ಡಚ್ ನೇತ್ರವೈದ್ಯರಾದ ವಾರ್ಡನ್‌ಬರ್ಗ್ ಅವರು 1951ರಲ್ಲಿ ವಿವರಿಸಿದರು. ನೋಡುವುದಕ್ಕೆ ಸಂಬಂಧವಿಲ್ಲದಂತಿರುವ ಈ ಲಕ್ಷಣಗಳನ್ನು ಹೆಣೆದಿರುವ ಸೂತ್ರವೂ ವರ್ಣಕೋಶವೇ.

ಕಣ್ಣಿನ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. ಅಕ್ಷಿಪಟಲದ ಹಿಂದೆ ಒಂದು ವರ್ಣಸ್ತರವಿದೆ. ಭ್ರೂಣದಲ್ಲಿ ಕಣ್ಣುಗುಡ್ಡೆಯು ಸರಿಯಾಗಿ ಬೆಳೆಯಲು ಅದು ಆವಶ್ಯಕ. ಇಮ್ಮಡಿ ಡ್ಯಾಪಲ್ ಮರಿಗಳಲ್ಲಿ ಕಣ್ಣುಗುಡ್ಡೆ ತೀರ ಚಿಕ್ಕದಾಗಿರುವುದು, ಪಾಪೆ ಪಕ್ಕಕ್ಕೆ ಸರಿದಿರುವುದು, ಕಣ್ಣಿನ ಪೊರೆಗಳಲ್ಲಿ ಸೀಳಿರುವುದು ಮೊದಲಾದ ದೋಷಗಳು ಕಂಡುಬರುತ್ತವೆ. ಕೆಲವು ಮರಿಗಳಿಗೆ ದೃಷ್ಟಿಯೇ ಇರುವುದಿಲ್ಲ.

ಈ ಅಪಾಯದ ಪ್ರಮಾಣವೆಷ್ಟು? ಜರ್ಮನಿಯಲ್ಲಿ 38 ಡ್ಯಾಕ್ಸ್‌ಹುಂಡುಗಳ ಶ್ರವಣಶಕ್ತಿಯನ್ನು ಪರೀಕ್ಷಿಸಿ 1977ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಮ್ಮಡಿ ಡ್ಯಾಪಲ್‌ಗಳಲ್ಲಿ ಶೇಕಡಾ ಸುಮಾರು 55ಕ್ಕೂ, ಒಂದೇ ಪ್ರತಿಯ ಡ್ಯಾಪಲ್‌ಗಳಲ್ಲಿ ಶೇಕಡಾ ಸುಮಾರು 37ಕ್ಕೂ ಸೌಮ್ಯದಿಂದ ಹಿಡಿದು ಪೂರ್ಣದವರೆಗೆ ಯಾವುದಾದರೊಂದು ಮಟ್ಟದ ಶ್ರವಣದೋಷವು ಕಂಡುಬಂದಿತು. ಸ್ಟ್ರೇನ್ ಮತ್ತು ಸಂಗಡಿಗರು ಬೇರೆಬೇರೆ ತಳಿಗಳ 153 ಮರ್ಲ್ ನಾಯಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಪ್ರತಿಯಿದ್ದ ನಾಯಿಗಳಲ್ಲಿ ಶೇಕಡಾ 2.7ಕ್ಕೆ ಒಂದು ಕಿವಿಯೂ ಶೇಕಡಾ 0.9ಕ್ಕೆ ಎರಡು ಕಿವಿಗಳೂ ಕಿವುಡಾಗಿದ್ದುವು. ಎರಡು ಪ್ರತಿಯಿದ್ದ ನಾಯಿಗಳಲ್ಲಿ ಈ ಅಂಕಿಗಳು ಕ್ರಮವಾಗಿ ಶೇಕಡಾ 10 ಮತ್ತು 15. ಮೊದಲನೆಯ ಅಧ್ಯಯನವು ಚಿಕ್ಕ ಸಮೂಹದಲ್ಲಿ ಅಲ್ಪಸ್ವಲ್ಪ ಮಂದಶ್ರವಣವನ್ನೂ ಎಣಿಸಿತು; ಎರಡನೆಯದು ಪೂರ್ಣ ಕಿವುಡನ್ನು ಎಣಿಸಿತು. ಹೀಗಾಗಿ ಎರಡರ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಎರಡು ಪ್ರತಿಗಳು ಒಂದಕ್ಕಿಂತ ಹೆಚ್ಚು ಹಾನಿಕರವೆಂಬ ನಿರ್ಣಯದಲ್ಲಿ ಎರಡೂ ಏಕಮುಖವಾಗಿವೆ.

6. ಲಾಭವಿಲ್ಲದ ಲೆಕ್ಕ

ಎರಡು ಡ್ಯಾಪಲ್ ನಾಯಿಗಳನ್ನು ಕೂಡಿಸಿದರೆ ಡ್ಯಾಪಲ್ ಮರಿಗಳು ಹೆಚ್ಚು ಸಿಕ್ಕುವುವೆಂಬುದು ಹಲವರ ಎಣಿಕೆ. ಇದನ್ನು ಲೆಕ್ಕಹಾಕಿ ನೋಡೋಣ.

ಎರಡು ಡ್ಯಾಪಲ್‌ಗಳ ಸಂಯೋಗದಲ್ಲಿ ಪ್ರತಿ ನಾಲ್ಕು ಮರಿಗಳಿಗೆ ಸರಾಸರಿ ಒಂದು ಇಮ್ಮಡಿ ಡ್ಯಾಪಲ್, ಎರಡು ಸಾಮಾನ್ಯ ಡ್ಯಾಪಲ್, ಒಂದು ಮಚ್ಚೆಯಿಲ್ಲದ್ದು. ಒಂದು ಡ್ಯಾಪಲ್ಲನ್ನು ಮಚ್ಚೆಯ ಜೀನಿಲ್ಲದ ನಾಯಿಯೊಡನೆ ಕೂಡಿಸಿದರೆ ಪ್ರತಿ ನಾಲ್ಕು ಮರಿಗಳಿಗೆ ಸರಾಸರಿ ಎರಡು ಸಾಮಾನ್ಯ ಡ್ಯಾಪಲ್, ಎರಡು ಮಚ್ಚೆಯಿಲ್ಲದುವು. ಸಾಮಾನ್ಯ ಡ್ಯಾಪಲ್‌ಗಳ ಸಂಖ್ಯೆ ಎರಡು ಸಂಯೋಗಗಳಲ್ಲಿಯೂ ಒಂದೇ! ಮೊದಲನೆಯದರಲ್ಲಿ ಅಧಿಕವಾಗಿ ದೊರೆತುದು ಅಪಾಯಕ್ಕೀಡಾದ ಇಮ್ಮಡಿ ಡ್ಯಾಪಲ್ ಮರಿಯೊಂದೇ. ಹೀಗಿರುವಾಗ ಆ ಸಂಯೋಗಕ್ಕೆ ಸಮರ್ಥನೆಯೇನೂ ಉಳಿಯುವುದಿಲ್ಲ.

'ನಾವು ಹಾಗೆ ಕೂಡಿಸಿದೆವು. ಮರಿಗಳೆಲ್ಲ ಚೆನ್ನಾಗಿಯೇ ಇವೆ' ಎಂಬ ಮಾತಿಗೂ ಲೆಕ್ಕವೇ ಉತ್ತರ ಹೇಳುತ್ತದೆ. ಒಂದು ಮರಿಯು ಇಮ್ಮಡಿ ಡ್ಯಾಪಲ್ ಆಗದಿರುವ ಸಂಭವ 3/4. ನಾಲ್ಕು ಮರಿಗಳ ಸೂಲಿನಲ್ಲಿ ಒಂದೂ ಹಾಗಾಗದಿರುವ ಸಂಭವ, 3/4ನ್ನು ನಾಲ್ಕು ಸಲ ಗುಣಿಸಿದರೆ, 81/256. ಎಂದರೆ ಶೇಕಡಾ ಸುಮಾರು 32. ಮೂರು ಸೂಲುಗಳಲ್ಲಿ ಹೆಚ್ಚುಕಡಮೆ ಒಂದರಲ್ಲಿ ಕೇಡೇನೂ ಕಾಣದು. ಅದೊಂದನ್ನೇ ನೋಡಿದವರು ನಿರ್ಭಯರಾಗುತ್ತಾರೆ. ಒಂದು ಸೂಲಿನ ಅನುಭವವು ನಿಯಮಕ್ಕೆ ಪ್ರಮಾಣವಾಗಲಾರದು.

7. ಕಣ್ಣು ಮೋಸಹೋಗುವ ಸಂದರ್ಭಗಳು

ಡ್ಯಾಪಲ್ಲನ್ನು ಡ್ಯಾಪಲ್ಲಿನೊಡನೆ ಕೂಡಿಸಬಾರದೆಂಬ ನಿಯಮವು ಸರಳವಾದುದೇ. ಅದನ್ನು ಪಾಲಿಸುವವರೂ ತಪ್ಪುವುದು ಏಕೆಂದರೆ ಡ್ಯಾಪಲ್ ಯಾವಾಗಲೂ ಕಣ್ಣಿಗೆ ಬೀಳುವುದಿಲ್ಲ. ಮೈಯೆಲ್ಲ ಕೆಂಪಾದ ನಾಯಿಯಲ್ಲಿ ಈ ಜೀನು ಇದ್ದರೂ, ಅದು ಕೆಡಿಸಬಹುದಾದ ಕಪ್ಪೇ ಅಲ್ಲಿ ಇರುವುದಿಲ್ಲ. ಹುಟ್ಟಿದಾಗ ಅಲ್ಪವಾಗಿ ಕಂಡ ಮಚ್ಚೆಯು ಬೆಳೆದಂತೆ ಅಳಿಸಿಹೋಗಬಹುದು. ಕೆನೆಬಣ್ಣದ ನಾಯಿಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬ್ರಿಂಡಲ್ಲಿನ ಪ್ರಸಂಗದಲ್ಲಿ ಕಂಡ ತತ್ತ್ವವೇ ಇದು: ಬರೆಯುವ ಹಲಗೆಯಿಲ್ಲದೆ ಬರಹ ಕಾಣದು. ಆದರೆ ಅಲ್ಲಿ ಅದು ಬರಿಯ ಚಮತ್ಕಾರವಾಗಿತ್ತು. ಇಲ್ಲಿ ಅದು ಅಪಾಯ. ಕೆಂಪು ನಾಯಿಯನ್ನು 'ಮಚ್ಚೆಯಿಲ್ಲದ್ದು' ಎಂದು ನಂಬಿ ಡ್ಯಾಪಲ್ಲಿನೊಡನೆ ಕೂಡಿಸಿದರೆ, ತಿಳಿಯದೆಯೇ ಇಮ್ಮಡಿ ಡ್ಯಾಪಲ್ಲಿಗೆ ಎಡೆಗೊಟ್ಟಂತಾಗುತ್ತದೆ.

ಎರಡನೆಯ ಮೋಸವು ಬಿಳುಪಿನದು. ಪೈಬಾಲ್ಡಿನ ಬಿಳುಪು ಬೇರೊಂದು ಜೀನಿನಿಂದ ಬಂದುದು. ವರ್ಣಕೋಶಗಳ ಬೆಳವಣಿಗೆಯನ್ನೂ ಉಳಿವನ್ನೂ ನಿಯಂತ್ರಿಸುವ ಮಿಟ್‌ಎಫ್ ಎಂಬ ಈ ಜೀನಿನ ಪಾತ್ರವು ನಾಯಿಗಳ ಬಿಳಿಮಚ್ಚೆಯಲ್ಲಿ 2007ರಲ್ಲಿ ತಿಳಿದುಬಂದಿತು. ಪೈಬಾಲ್ಡ್ ನಾಯಿಯಲ್ಲಿ ಬಿಳುಪಿನ ನಡುವಣ ತೇಪೆಗಳು ಗಾಢವಾಗಿಯೂ ಅಖಂಡವಾಗಿಯೂ ಇರುತ್ತವೆ. ಇಮ್ಮಡಿ ಡ್ಯಾಪಲ್ಲಿನಲ್ಲಿ ಆ ತೇಪೆಗಳೇ ಮಾಸಲಾಗಿ ಒಡೆದಿರುತ್ತವೆ. ಆದರೆ ಒಂದೇ ನಾಯಿಯಲ್ಲಿ ಪೈಬಾಲ್ಡೂ ಒಂದು ಪ್ರತಿಯ ಡ್ಯಾಪಲ್ಲೂ ಕೂಡಿಬಂದರೆ, ಅದನ್ನು ಇಮ್ಮಡಿ ಡ್ಯಾಪಲ್ಲಿನಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಪೈಬಾಲ್ಡಿನ ಬಿಳುಪು ಸಂಪೂರ್ಣ ನಿರಪಾಯವೆಂದೂ ಹೇಳುವಂತಿಲ್ಲ. ಡಾಲ್ಮೇಷಿಯನ್ ತಳಿಯಲ್ಲಿ ಬಿಳುಪಿನೊಡನೆ ಕಿವುಡೂ ಬರುವುದು ಪ್ರಸಿದ್ಧವಾಗಿದೆ.

ಈ ಮೋಸಗಳಿಂದ ಪಾರಾಗಲು ಎರಡು ಸಾಧನಗಳಿವೆ. ಮೊದಲನೆಯದು, ಕೆನ್ನೆಯ ಒಳಭಾಗವನ್ನು ಸವರಿ ತೆಗೆದ ಕೋಶಗಳಿಂದ ನಾಯಿಯ ಡಿಎನ್‌ಎಯನ್ನು ಪರೀಕ್ಷಿಸಿ, ಜೀನಿನಲ್ಲಿ ತುಣುಕಿದೆಯೇ, ಅದರ ಬಾಲವು ಎಷ್ಟು ಉದ್ದವೆಂಬುದನ್ನು ತಿಳಿಯುವುದು. ಎರಡನೆಯದು, ಶಬ್ದವನ್ನು ಕೇಳಿಸಿ ಮಿದುಳಿನ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವ ಶ್ರವಣಪರೀಕ್ಷೆ. ಒಂದೇ ಕಿವಿ ಕಿವುಡಾದ ಮರಿಯನ್ನು ಚಪ್ಪಾಳೆ ತಟ್ಟಿ ಗುರುತಿಸಲಾಗದು, ಈ ಪರೀಕ್ಷೆಯಿಂದ ಗುರುತಿಸಬಹುದು. ಬ್ರಿಟನ್ನಿನ ಕೆನಲ್ ಕ್ಲಬ್ಬು ಎರಡು ಮರ್ಲ್ ತಂದೆತಾಯಿಗಳಿಗೆ ಹುಟ್ಟಿದ ಮರ್ಲ್ ಮರಿಗಳನ್ನು ನೋಂದಾಯಿಸಿಕೊಳ್ಳುವುದಿಲ್ಲ. ಅನುವಂಶಿಕ ಲಕ್ಷಣದಿಂದ ಮರಿಗಳಿಗೆ ನೋವು, ಅಂಗದೋಷ ಉಂಟಾಗುವುದೆಂದು ಮೊದಲೇ ತಿಳಿಯಬಹುದಾದ ಸಂದರ್ಭದಲ್ಲಿ ಅಂಥ ತಳಿಬೆಳೆಸುವಿಕೆಯನ್ನು ಜರ್ಮನಿಯ ಪ್ರಾಣಿಸಂರಕ್ಷಣಾ ಶಾಸನವು ನಿಷೇಧಿಸುತ್ತದೆ.

8. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಡ್ಯಾಕ್ಸ್‌ಹುಂಡಿನ ಬಣ್ಣವೈವಿಧ್ಯಕ್ಕೆ ಎರಡು ವರ್ಣದ್ರವ್ಯಗಳೂ ಕೆಲವೇ ಜೀನುಗಳ ಪರಸ್ಪರ ಕ್ರಿಯೆಯೂ ಸಾಕು. ಆದರೆ ಹೊರಗೆ ಕಾಣುವ ಬಣ್ಣದಿಂದ ಒಳಗಿನ ಜೀನನ್ನು ಊಹಿಸುವುದು ಎಲ್ಲ ಸಂದರ್ಭದಲ್ಲಿಯೂ ಸಾಧುವಲ್ಲ. ಎರಡನೆಯದಾಗಿ, ಜೀನು ಒಂದು ಅವಯವಕ್ಕಷ್ಟೇ ಕಟ್ಟುಬಿದ್ದ ಆಳಲ್ಲ. ಕೂದಲಿಗೆ ಸೊಗಸನ್ನು ತಂದ ಬದಲಾವಣೆಯೇ ಕಿವಿ, ಕಣ್ಣುಗಳನ್ನು ಕೆಡಿಸಬಲ್ಲುದು. ಕಾಲೇಜಿನ ತರಗತಿಗಳಲ್ಲಿ ಮೆಂಡೆಲನ 1:2:1ರ ಪ್ರಮಾಣವನ್ನು ಬೋಧಿಸುವಾಗ ಅಧ್ಯಾಪಕರು ಈ ಉದಾಹರಣೆಯನ್ನು ಬಳಸಿದರೆ, ಆ ಪ್ರಮಾಣವು ಪರೀಕ್ಷೆಗಾಗಿ ಕಂಠಪಾಠ ಮಾಡಬೇಕಾದ ಅಂಕಿಯಷ್ಟೇ ಅಲ್ಲವೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು. ಅದರಲ್ಲಿನ ಮೊದಲ 'ಒಂದು' ಎಂಬುದು, ಮನುಷ್ಯನು ತನ್ನ ಕಣ್ಣಿನ ಸಂತೋಷಕ್ಕಾಗಿ ಹುಟ್ಟಿಸಿದ, ತಾನು ಮಾತ್ರ ಕಾಣಲಾರದ, ಕೇಳಲಾರದ ಮರಿಯಾಗಿರಬಹುದು. ಅದನ್ನು ತಪ್ಪಿಸುವುದಕ್ಕೆ ಬೇಕಾದ ತಿಳಿವಳಿಕೆ ಇಂದು ನಮ್ಮಲ್ಲಿದೆ. ಕೂಡಿಸುವ ಮೊದಲು ಅದನ್ನು ಉಪಯೋಗಿಸುವುದು ಸಾಕುವವರ ಹೊಣೆ.